ಹುವಾನ್ ಎಂದರೆ ಕೃಪೆಯೇ?

ಮಕ್ಕಳ ಹೆಸರಿನ ಪಟ್ಟಿಗಳಿಗೆ ಈಗ ಬರವಿಲ್ಲ. ಮೊದಲು ಅಕ್ಷರವಾರು ಸಿಗುತ್ತಿದ್ದವು, ಆಮೇಲೆ ದೇಶವಾರು ಬಂದವು, ಈಗ ಅರ್ಥವಾರು ಪಟ್ಟಿಗಳ ಕಾಲ. ‘ಕೃಪೆ ಎಂಬ ಅರ್ಥವಿರುವ ಸ್ಪ್ಯಾನಿಷ್ ಗಂಡು ಹೆಸರುಗಳು’ ಅಂಥದ್ದೇ ಒಂದು ಪಟ್ಟಿ. ಹುವಾನ್: ದೇವರು ಕೃಪಾಳು. ಗ್ರಾಸಿಯಾನೊ: ಕೃಪೆಯುಳ್ಳವನು. ಅನನಿಯಾಸ್: ದೇವರು ಕೃಪೆ ತೋರಿದನು. ಒಂದು ಹೆಸರು, ಅದರ ಎದುರಿಗೊಂದು ಅರ್ಥ, ಅಲ್ಲಿಗೆ ಮುಗಿಯಿತು. ಅರ್ಥ ಚೆನ್ನಾಗಿದ್ದರೆ ಹೆಸರೂ ಚೆನ್ನ ಎಂಬ ನಂಬಿಕೆ ಇದರ ಬೆನ್ನಿಗಿದೆ. ಈ ನಂಬಿಕೆ ನನಗೆ ಟೊಳ್ಳಾಗಿ ಕಾಣುತ್ತದೆ. ಹೆಸರಿನ ಅರ್ಥ ಅದರ ಧಾತುವಿನಲ್ಲಿ ಅಡಗಿ ಕೂತಿರುವುದಿಲ್ಲ. ಆ ಹೆಸರು ಹೊತ್ತು ಬಾಳಿದವರು ಯಾರು, ಅದನ್ನು ಯಾರಿಗೆ ಯಾರು ಯಾವ ಹಕ್ಕಿನಿಂದ ಇಟ್ಟರು ಎಂಬುದರಿಂದ ಅದಕ್ಕೆ ಅರ್ಥ ಬರುತ್ತದೆ.

ಸ್ಪ್ಯಾನಿಷ್ ಹೆಸರುಗಳೇ ಇದಕ್ಕೆ ಸಾಕ್ಷಿ ಹೇಳುತ್ತವೆ. ಹುವಾನ್ ಎಂಬುದು ಹೀಬ್ರೂವಿನ ಯೊಹಾನಾನ್. ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಸ್ಪೇನಿಗೆ ಬಂತು. ಅದರ ಮೊದಲ ತುಂಡು ದೇವರ ಹೆಸರು, ಎರಡನೆಯದು ಕೃಪೆ ತೋರುವುದನ್ನು ಹೇಳುವ ಧಾತು. ಅದೇ ಎರಡು ತುಂಡುಗಳನ್ನು ಹಿಂದುಮುಂದು ಮಾಡಿದರೆ ಅನನಿಯಾಸ್. ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೂ ಸ್ಪೇನಿನಲ್ಲಿ ಹುವಾನ್‌ಗಳು ಬೀದಿಗೊಬ್ಬರು, ಅನನಿಯಾಸ್ ಹುಡುಕಿದರೂ ಸಿಗುವುದು ಕಷ್ಟ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಓದಿದವರಿಗೆ ಇದು ಆಶ್ಚರ್ಯವಲ್ಲ. ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು, ಎಲ್ಲವನ್ನೂ ಕೊಟ್ಟೆನೆಂದು ಸುಳ್ಳು ಹೇಳಿ, ಪೇತ್ರನ ಎದುರೇ ಸತ್ತುಬಿದ್ದವನ ಹೆಸರು ಅದು. ಅದೇ ಪುಸ್ತಕದಲ್ಲಿ ಕುರುಡಾಗಿದ್ದ ಸೌಲನ ಕಣ್ಣು ತೆರೆಸಿದ ಒಳ್ಳೆಯ ಅನನಿಯಾಸನೂ ಇದ್ದಾನೆ. ಅವನಿಂದಲೂ ಆ ಹೆಸರಿಗೆ ಹುವಾನ್‌ನ ಮನ್ನಣೆ ತಂದುಕೊಡಲು ಆಗಲಿಲ್ಲ.

ಇದೇ ಧಾತುವಿನ ಮೂರನೆಯ ಹೆಸರು ಇನ್ನೂ ಸ್ವಾರಸ್ಯದ್ದು: ಅನೀಬಲ್. ನಾವು ಹ್ಯಾನಿಬಲ್ ಎನ್ನುವ ಕಾರ್ಥೇಜಿನ ಸೇನಾನಿಯ ಹೆಸರಿನ ಸ್ಪ್ಯಾನಿಷ್ ರೂಪ. ಕಾರ್ಥೇಜಿನವರ ನುಡಿ ಹೀಬ್ರೂವಿನ ದಾಯಾದಿ. ಹಾಗಾಗಿ ಈ ಹೆಸರಿನಲ್ಲೂ ಅದೇ ಕೃಪೆಯ ಧಾತು ಇದೆ; ಕೃಪೆ ತೋರುವವನು ಮಾತ್ರ ಬಾಳ್ ದೇವರು. ಯೊಹಾನಾನ್ ಎಂಬ ಹೆಸರಿನಲ್ಲಿರುವ ದೇವರ ಪ್ರವಾದಿಗಳು ಯಾವ ದೇವರ ಪೂಜೆಯ ವಿರುದ್ಧ ಜೀವಮಾನವಿಡೀ ಹೋರಾಡಿದರೋ ಅದೇ ಬಾಳ್! ಹ್ಯಾನಿಬಲ್ ಸ್ಪೇನಿಗೆ ಹೊರಗಿನವನೂ ಅಲ್ಲ. ಕ್ರಿ.ಪೂ. 219ರಲ್ಲಿ ಇಂದಿನ ವಲೆನ್ಸಿಯಾ ಬಳಿಯ ಸಗುಂತೊ ಪಟ್ಟಣವನ್ನು ತಿಂಗಳುಗಟ್ಟಲೆ ಮುತ್ತಿ ಹಾಳುಗೆಡವಿದವನು, ಮರುವರ್ಷ ಸ್ಪೇನಿನಿಂದಲೇ ಆನೆಗಳೊಂದಿಗೆ ಹೊರಟು ಆಲ್ಪ್ಸ್ ದಾಟಿದವನು. ಲ್ಯಾಟಿನ್ ಅಮೆರಿಕದಲ್ಲಿ ಇಂದಿಗೂ ಕ್ರೈಸ್ತ ತಂದೆತಾಯಿಗಳು ಮಗನಿಗೆ ಅನೀಬಲ್ ಎಂದು ಹೆಸರಿಡುತ್ತಾರೆ. ಅರ್ಜೆಂಟೀನಾದ ಟ್ಯಾಂಗೊ ಸಂಗೀತದ ದೊಡ್ಡ ಹೆಸರು ಅನೀಬಲ್ ತ್ರೊಯ್ಲೊ. ಆ ತಂದೆತಾಯಿಗಳಿಗೆ ಬಾಳ್ ನೆನಪಾಗುವುದಿಲ್ಲ, ಕೃಪೆಯೂ ನೆನಪಾಗುವುದಿಲ್ಲ. ಹಿಮದಲ್ಲಿ ನಡೆದ ಆನೆಗಳು ನೆನಪಾಗುತ್ತವೆ. ಒಂದೇ ಧಾತುವಿನಿಂದ ಹೊರಟ ಮೂರು ಹೆಸರುಗಳಲ್ಲಿ ಒಂದು ಮನೆಮಾತಾಯಿತು, ಒಂದು ಮೂಲೆಗೆ ಬಿತ್ತು, ಒಂದು ಶೌರ್ಯದ ಗುರುತಾಯಿತು. ಪಟ್ಟಿ ಮಾಡುವವರು ಮೂರರ ಎದುರಿಗೂ ‘ಕೃಪೆ’ ಎಂದೇ ಬರೆಯುತ್ತಾರೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮೊದಲ ಹುವಾನ್, ಅಂದರೆ ಸ್ನಾನಿಕ ಯೋಹಾನ, ಆ ಹೆಸರು ಪಡೆದದ್ದು ಅರ್ಥಕ್ಕಾಗಿಯೇ ಅಲ್ಲವೇ? ಲೂಕನ ಸುವಾರ್ತೆಯಲ್ಲಿ ಆ ಕಥೆ ಬರುತ್ತದೆ. ಮಕ್ಕಳಾಗುವ ವಯಸ್ಸು ಮೀರಿದ ದಂಪತಿಗೆ ಮಗು ಹುಟ್ಟಿದೆ. ಬಂಧುಬಳಗ ಸೇರಿ ತಂದೆಯ ಹೆಸರನ್ನೇ ಇಡಲು ಹೊರಟಾಗ ತಾಯಿ ಒಪ್ಪುವುದಿಲ್ಲ, ಯೋಹಾನನೆಂದೇ ಕರೆಯಬೇಕು ಎನ್ನುತ್ತಾಳೆ. ನಿಮ್ಮ ಕುಲದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರ ತಕರಾರು. ಮಾತು ಕಳೆದುಕೊಂಡಿದ್ದ ತಂದೆ ಜಕರೀಯ ಹಲಗೆ ತರಿಸಿಕೊಂಡು ಅದೇ ಹೆಸರನ್ನು ಬರೆದು ತೋರಿಸುತ್ತಾನೆ. ಅಲ್ಲಿ ಹೆಸರಿನ ಅರ್ಥ ಜೀವಂತವಾಗಿತ್ತು. ಕೂಗಿದವರಿಗೂ ಕೇಳಿದವರಿಗೂ ಅದರೊಳಗಿನ ಕೃಪೆ ಕಿವಿಗೆ ಬೀಳುತ್ತಿತ್ತು.

ಅದು ಮತ್ತೆ ಜೀವ ತಳೆದದ್ದೂ ಉಂಟು. ತಮಿಳು ಕ್ಯಾಥೊಲಿಕರು ಯೋಹಾನನನ್ನು ಅರುಳಪ್ಪನೆಂದು ಕರೆದರು. ತಮಿಳಿನಲ್ಲಿ ಅರುಳ್ ಎಂದರೆ ಕೃಪೆಯೇ. ಬೆಂಗಳೂರಿನ ಕ್ರೈಸ್ತರಲ್ಲೂ ಅರುಳಪ್ಪಂದಿರಿದ್ದಾರೆ. ಅದೇ ಸಂತನ ಹೆಸರು ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಪೋರ್ಚುಗೀಸರ ಮೂಲಕ ಬಂದು ಜುವಾಂವ್ ಆಗಿದೆ. ಅರುಳಪ್ಪನಲ್ಲಿ ಅರ್ಥ ಕೇಳುತ್ತದೆ, ಜುವಾಂವ್‌ನಲ್ಲಿ ಸದ್ದಷ್ಟೇ ಉಳಿದಿದೆ. ಸ್ಪೇನಿನ ಹುವಾನ್ ಎರಡನೆಯ ಬಗೆಯದು. ಅದರ ಧಾತು ಸ್ಪ್ಯಾನಿಷ್ ಆಡುವವರ ಕಿವಿಗೆ ಎಂದೂ ಬಿದ್ದಿಲ್ಲ. ಕೇಳದ ಅರ್ಥವನ್ನು ಪಟ್ಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಕಿವಿ ತೆರೆಯುವುದಿಲ್ಲ. ತಂದೆತಾಯಿ ಆ ಅರ್ಥವನ್ನು ನಂಬಿ ಮಗನಿಗೆ ಮತ್ತೆ ಮತ್ತೆ ಹೇಳಿ ಬೆಳೆಸಿದರೆ ಅದೂ ಅರ್ಥವೇ, ಒಪ್ಪುತ್ತೇನೆ. ಆದರೆ ಆಗ ಅದು ಆ ಮನೆ ಕೊಟ್ಟ ಅರ್ಥ, ಹೀಬ್ರೂ ಕೊಟ್ಟದ್ದಲ್ಲ. ಇನ್ನು ಹೆಸರಿನ ಅರ್ಥದಂತೆಯೇ ಹಣೆಬರಹ ಎನ್ನುವವರೊಂದಿಗೆ ವಾದಕ್ಕಿಳಿಯುವ ಅಗತ್ಯವಿಲ್ಲ.

ಕೃಪೆ ಎಂಬ ಮಾತನ್ನು ಇಷ್ಟು ಸಲೀಸಾಗಿ ಬಳಸುವುದು ಸ್ಪೇನಿನ ಮಟ್ಟಿಗಂತೂ ಆ ದೇಶದ ಚರಿತ್ರೆಗೆ ಮಾಡುವ ಅನ್ಯಾಯ. ಕೃಪೆ ಎಂದರೇನು ಎಂಬ ಒಂದೇ ಪ್ರಶ್ನೆಗೆ ಅಲ್ಲಿಯ ಪಂಡಿತರು ದಶಕಗಳ ಕಾಲ ಕಾದಾಡಿದ್ದಾರೆ. 1588ರಲ್ಲಿ ಲಿಸ್ಬನ್‌ನಲ್ಲಿ ಯೇಸುಸಭೆಯ ಲೂಯಿಸ್ ದೆ ಮೊಲೀನಾ ಒಂದು ಗ್ರಂಥ ಪ್ರಕಟಿಸಿದ. ದೇವರ ಕೃಪೆಗೆ ಮನುಷ್ಯ ಸ್ವತಂತ್ರವಾಗಿ ಒಪ್ಪಿಗೆ ಕೊಟ್ಟಾಗಲೇ ಅದು ಫಲ ಕೊಡುತ್ತದೆ ಎಂಬುದು ಅದರ ಸಾರ. ಡೊಮಿನಿಕನ್ ಪಂಥದ ದೊಮಿಂಗೊ ಬಾನ್ಯೆಸ್ ಅದನ್ನು ಕಟುವಾಗಿ ಖಂಡಿಸಿದ. ಕೃಪೆ ಮನುಷ್ಯನ ಒಪ್ಪಿಗೆಗೆ ಕಾಯುವುದಾದರೆ ದೇವರು ಮನುಷ್ಯನ ಹಂಗಿಗೆ ಬಿದ್ದಂತಾಯಿತಲ್ಲ ಎಂಬುದು ಅವನ ಪಟ್ಟು. ಜಗಳ ರೋಮ್‌ಗೆ ಹೋಯಿತು, ಪೋಪ್ ಎಂಟನೆಯ ಕ್ಲೆಮೆಂಟ್ ವಿಚಾರಣೆಗೆ ಮಂಡಳಿ ನೇಮಿಸಿದ. ಕೊನೆಗೆ 1607ರಲ್ಲಿ ಪೋಪ್ ಐದನೆಯ ಪಾಲ್, ಎರಡೂ ಕಡೆಯವರು ಒಬ್ಬರನ್ನೊಬ್ಬರು ಪಾಷಂಡಿಗಳೆನ್ನದೆ ಸುಮ್ಮನಿರಬೇಕು, ತೀರ್ಪು ಆಮೇಲೆ ಬರುತ್ತದೆ ಎಂದು ಸಭೆ ಮುಗಿಸಿದ. ಆ ತೀರ್ಪು ಬರಲೇ ಇಲ್ಲ. ಆದರೆ ಒಂದು ಮಾತಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ: ಕೃಪೆ ದುಡಿದು ಗಳಿಸುವಂಥದ್ದಲ್ಲ, ಅದು ಕೊಡಲ್ಪಡುವಂಥದ್ದು.

ಆ ಜಗಳದ ಕಾವು ಆರುವ ಮುನ್ನವೇ ಜಗತ್ತಿನ ಅತಿ ಪ್ರಸಿದ್ಧ ಹುವಾನ್ ಹುಟ್ಟಿದ. ಡಾನ್ ಹುವಾನ್ ರಂಗದ ಮೇಲೆ ಮೊದಲು ಕಾಲಿಟ್ಟ ‘ಎಲ್ ಬುರ್ಲದೋರ್ ದೆ ಸೆವಿಯ’ ನಾಟಕ ತಿರ್ಸೊ ದೆ ಮೊಲೀನಾನದ್ದೆಂದು ರೂಢಿ. ತಿರ್ಸೊ ಸನ್ಯಾಸಿ, ದೈವಶಾಸ್ತ್ರ ಓದಿದವನು. ನಮ್ಮಲ್ಲಿ ಡಾನ್ ಹುವಾನ್ ಎಂದರೆ ಹೆಣ್ಣುಗಳ ಬೆನ್ನು ಹತ್ತುವವನು ಎಂದಷ್ಟೇ ಗೊತ್ತು. ನಾಟಕದಲ್ಲಿ ಅವನ ನಿಜವಾದ ಪಾಪ ಬೇರೆ. ಸಾವಿದೆ, ದೇವರ ನ್ಯಾಯವಿದೆ ಎಂದು ಯಾರಾದರೂ ಎಚ್ಚರಿಸಿದಾಗಲೆಲ್ಲ ಅದಕ್ಕಿನ್ನೂ ಬೇಕಾದಷ್ಟು ಕಾಲವಿದೆ ಎಂದು ಅವನು ಹಾರಿಕೆಯ ಉತ್ತರ ಕೊಡುತ್ತಾನೆ. ಬೇಕೆನಿಸಿದ ದಿನ ಕೇಳಿದರೆ ಕ್ಷಮೆ ಸಿಕ್ಕೇ ಸಿಗುತ್ತದೆ ಎಂದು ಅವನ ಲೆಕ್ಕ. ಅವನು ಕೊಂದಿದ್ದ ದೊನ್ ಗೊನ್ಸಾಲೊನ ಕಲ್ಲಿನ ವಿಗ್ರಹ ಊಟದ ನೆಪದಲ್ಲಿ ಅವನ ಕೈ ಹಿಡಿಯುತ್ತದೆ. ಬೆಂಕಿ ಮೈಗೆ ಹತ್ತಿದಾಗ ಪಾಪನಿವೇದನೆಗೆ ಪಾದ್ರಿಯನ್ನು ಕರೆಸಿ ಎಂದು ಅಂಗಲಾಚುತ್ತಾನೆ. ಹೊತ್ತು ಮೀರಿದೆ ಎಂಬ ಉತ್ತರ ಬರುತ್ತದೆ. ಕೃಪೆ ತನ್ನ ಜೇಬಿನಲ್ಲಿದೆ ಎಂದುಕೊಂಡವನ ಗತಿ ಇದು. ಎರಡು ಶತಮಾನಗಳ ಮೇಲೆ, 1844ರಲ್ಲಿ, ಹೊಸೆ ಸೊರಿಯ ಅದೇ ಕಥೆಯನ್ನು ಮತ್ತೆ ಬರೆದಾಗ ದೊನ್ಯ ಇನೆಸ್‌ಳ ಪ್ರೀತಿ ಕೊನೆಯ ಗಳಿಗೆಯಲ್ಲಿ ಅವನನ್ನು ಉಳಿಸಿತು. ನವೆಂಬರ್ ಮೊದಲ ದಿನಗಳಲ್ಲಿ, ಸಕಲ ಸಂತರ ಹಬ್ಬದ ಆಸುಪಾಸಿನಲ್ಲಿ, ಸ್ಪೇನಿನಲ್ಲಿ ಇಂದಿಗೂ ಆಡುವುದು ಆ ನಾಟಕವನ್ನೇ. ಒಬ್ಬ ಹುವಾನ್‌ಗೆ ಕೃಪೆ ಸಿಗಲಿಲ್ಲ, ಇನ್ನೊಬ್ಬನಿಗೆ ಸಿಕ್ಕಿತು. ಇಬ್ಬರಿಗೂ ಹೆಸರು ಒಂದೇ, ಹೆಸರು ಯಾರನ್ನೂ ಕಾಯಲಿಲ್ಲ.

ಹಳೆಯ ಸ್ಪೇನಿನಲ್ಲಿ ಹೆಸರಿಡುವ ಪದ್ಧತಿಯಲ್ಲೂ ಈ ತಿಳಿವಳಿಕೆ ಇತ್ತೆಂದು ನನಗನಿಸುತ್ತದೆ. ಮಗು ಹುಟ್ಟಿದ ದಿನ ಯಾವ ಸಂತನದ್ದೋ ಅವನ ಹೆಸರು. ಇಲ್ಲವೇ ಅಜ್ಜನದ್ದು, ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡ ಧರ್ಮಪಿತನದ್ದು. ಹಿಂದಿನ ರಾತ್ರಿ ಊರೂರಲ್ಲಿ ಬೆಂಕಿ ಹಾಕಿ ಕುಣಿದು ಜೂನ್ 24ರಂದು ಸಂತ ಹುವಾನ್‌ನ ಹಬ್ಬ ಮಾಡಿದ ಮನೆಯಲ್ಲಿ ಅಂದು ಗಂಡು ಹುಟ್ಟಿದರೆ ಪಟ್ಟಿ ಹುಡುಕುವ ಮಾತೇ ಇರಲಿಲ್ಲ. ಹೆಸರು ತಾನಾಗಿ ಬರುತ್ತಿತ್ತು. ಕೊಟ್ಟವರ ಋಣ ಅದರ ಜೊತೆಗೇ ಬರುತ್ತಿತ್ತು. ಈಗಿನ ಪಟ್ಟಿ ಆ ಋಣವನ್ನು ಕಳಚಿಹಾಕಿ, ಕೃಪೆಯನ್ನು ಮಗುವಿನ ಗುಣವನ್ನಾಗಿ, ತಂದೆತಾಯಿಯ ಅಭಿರುಚಿಯ ಪ್ರದರ್ಶನವನ್ನಾಗಿ ಮಾಡಿಬಿಡುತ್ತದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದಾಗಿತ್ತೆಂದು ನಾನು ಹೇಳಲಾರೆ. ಹೆಸರು ಕೊಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಮೈ ಉರಿಯುತ್ತದೆ. ಹದಿನೇಳನೆಯ ಶತಮಾನದ ಹುವಾನ್ ದೆ ಪರೇಹಾನನ್ನು ನೋಡಿ. ಆಂಡಲೂಸಿಯಾದ ಅಂತೆಕೇರದವನು, ಚಿತ್ರಕಾರ ವೆಲಾಸ್ಕೆಸ್‌ನ ಗುಲಾಮ, ಅವನ ಚಿತ್ರಶಾಲೆಯ ಆಳು. 1650ರಲ್ಲಿ ರೋಮ್‌ನಲ್ಲಿ ವೆಲಾಸ್ಕೆಸ್ ಬರೆದ ಅವನ ಭಾವಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಕಪ್ಪು ಮುಖ, ಅಗಲವಾದ ಬಿಳಿ ಲೇಸಿನ ಕೊರಳಪಟ್ಟಿ, ಎದೆಗೆ ಅಡ್ಡವಾಗಿ ಹಿಡಿದ ಕೈ, ನೋಡುವವರನ್ನು ನೇರವಾಗಿ ದಿಟ್ಟಿಸುವ ಕಣ್ಣು. ಯಾರ ಆಳೂ ಅಲ್ಲದವನ ನಿಲುವು ಅದು. ಅದೇ ವರ್ಷ ನವೆಂಬರಿನಲ್ಲಿ ಅವನಿಗೆ ಬಿಡುಗಡೆಯ ಪತ್ರ ಸಿಕ್ಕಿತು. ಇನ್ನೂ ನಾಲ್ಕು ವರ್ಷ ಓಡಿಹೋಗದೆ, ಅಪರಾಧ ಮಾಡದೆ ಇರಬೇಕೆಂಬ ಷರತ್ತು ಅದರಲ್ಲಿತ್ತು. ಇವನ ಹೆಸರಿನ ಎದುರಿಗೆ ‘ದೇವರು ಕೃಪಾಳು’ ಎಂದು ಬರೆದು ಮುಂದಿನ ಹೆಸರಿಗೆ ಹೋಗಲು ಯಾರಿಗಾದರೂ ಮನಸ್ಸು ಬಂದೀತೇ?

1661ರಲ್ಲಿ, ಸ್ವತಂತ್ರನಾದ ಮೇಲೆ, ಪರೇಹಾ ದೊಡ್ಡದೊಂದು ಚಿತ್ರ ಬರೆದ: ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯನನ್ನು ಯೇಸು ಕರೆಯುವ ದೃಶ್ಯ. ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹದ ಈ ಚಿತ್ರದಲ್ಲಿ ಎಡತುದಿಗೆ ನಿಂತವನು ಪರೇಹಾ ತಾನೇ. ಕೈಯಲ್ಲಿರುವ ಹಾಳೆಯಲ್ಲಿ ಅವನ ಸಹಿಯಿದೆ. ಯಾವ ಯೋಗ್ಯತೆಯನ್ನೂ ಕೇಳದೆ ಬಂದ ಕರೆಯ ಕಥೆ ಅದು, ಕೃಪೆಯದೇ ಕಥೆ. ಸ್ಪೇನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರುಗಳಲ್ಲಿ ಮತೆಯೋ ಮೇಲಿನ ಸಾಲಿನಲ್ಲಿದೆ. ಪಟ್ಟಿಗಳು ಅದಕ್ಕೆ ‘ದೇವರ ಕೊಡುಗೆ’ ಎಂದು ಅರ್ಥ ಹೇಳುತ್ತವೆ. ಮಗುವಿಗೆ ಆ ಹೆಸರಿಟ್ಟವರು ಒಮ್ಮೆ ಈ ಚಿತ್ರದ ಮುಂದೆ ನಿಂತರೆ ಸಿಗುವ ಅರ್ಥ ಆ ಎರಡು ಪದಗಳಿಗಿಂತ ಎಷ್ಟೋ ದೊಡ್ಡದು.

ಧಾತುವಿನ ಅರ್ಥವೇ ಸರ್ವಸ್ವ ಎನ್ನುವವರಿಗೆ ನನ್ನ ಕೊನೆಯ ಉತ್ತರ ಸರ್ವಾಧಿಕಾರಿ ಫ್ರಾಂಕೊನ ಕಾಲದ್ದು. ಅಂತರ್ಯುದ್ಧ ಇನ್ನೂ ಮುಗಿಯದಿದ್ದ 1938ರ ಮೇ ತಿಂಗಳಲ್ಲೇ ಅವನ ಸರ್ಕಾರ ಸ್ಪೇನಿನ ಮಕ್ಕಳ ಹೆಸರುಗಳು ಕ್ಯಾಸ್ಟಿಲಿಯನ್, ಅಂದರೆ ನಾವು ಸ್ಪ್ಯಾನಿಷ್ ಎನ್ನುವ ಭಾಷೆಯಲ್ಲೇ ನೋಂದಣಿಯಾಗಬೇಕೆಂದು ಆದೇಶ ಹೊರಡಿಸಿತು. ಕ್ಯಾಟಲನ್ನರ ಜುಆನ್, ಗಲೀಸಿಯಾದ ಶೊಆನ್, ಬಾಸ್ಕರ ಯೋನ್ ಎಲ್ಲರೂ ದಾಖಲೆಯಲ್ಲಿ ಹುವಾನ್ ಆಗಬೇಕಾಯಿತು. ನಾಲ್ಕೂ ಒಂದೇ ಸಂತನ ಹೆಸರು, ನಾಲ್ಕರ ಅರ್ಥವೂ ‘ದೇವರು ಕೃಪಾಳು’. ಪಟ್ಟಿಯ ಲೆಕ್ಕದಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಆದರೆ ಅವ್ವ ಅಡುಗೆಮನೆಯಿಂದ ಜುಆನ್ ಎಂದು ಕೂಗುವ ಹುಡುಗನನ್ನು ಶಾಲೆಯ ಹಾಜರಿಯಲ್ಲಿ ಹುವಾನ್ ಎಂದು ಕರೆದಾಗ ಅವನಿಂದ ಏನನ್ನು ಕಿತ್ತುಕೊಂಡರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. 1943ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಗಾಯಕ ಜುಆನ್ ಮಾನುಯೆಲ್ ಸೆರ್ರಾತ್ ಆ ತಲೆಮಾರಿನವನು. 1968ರ ಯೂರೋವಿಷನ್ ಸ್ಪರ್ಧೆಗೆ ಸ್ಪೇನ್ ಅವನನ್ನೇ ಆರಿಸಿತ್ತು. ಕ್ಯಾಟಲನ್ನಿನಲ್ಲಿಯೇ ಹಾಡುತ್ತೇನೆ ಎಂದು ಅವನು ಪಟ್ಟು ಹಿಡಿದಾಗ ಅವನನ್ನು ಬಿಟ್ಟು ಗಾಯಕಿ ಮಸ್ಸಿಯೆಲ್‌ಳನ್ನು ಕಳಿಸಿದರು. ಅವನ ಪಟ್ಟು ಹಾಡಿನ ಭಾಷೆಗಾಗಿ. ಹೆಸರಿನ ಹಟವೂ ಅದೇ ಬೇರಿನದು.

ಫ್ರಾಂಕೊ ಸತ್ತ ಮೇಲೆ, 1977ರ ಜನವರಿಯಲ್ಲಿ, ಕಾನೂನು ಬದಲಾಯಿತು. ಮಕ್ಕಳಿಗೆ ಸ್ಪೇನಿನ ಯಾವುದೇ ಭಾಷೆಯ ಹೆಸರಿಡಬಹುದು, ಮೊದಲೇ ಕ್ಯಾಸ್ಟಿಲಿಯನ್‌ನಲ್ಲಿ ದಾಖಲಾದವರು ಕೇಳಿಕೊಂಡರೆ ತಮ್ಮ ನುಡಿಯ ಹೆಸರಿಗೆ ಬದಲಿಸಿಕೊಳ್ಳಬಹುದು ಎಂದಾಯಿತು. ಕ್ಯಾಟಲನ್ ಜುಆನ್‌ಗೂ ಕ್ಯಾಸ್ಟಿಲಿಯನ್ ಹುವಾನ್‌ಗೂ ಬರವಣಿಗೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಅರ್ಥ ಕೂದಲೆಳೆಯಷ್ಟೂ ಬದಲಾಗದ ಆ ಒಂದಕ್ಷರಕ್ಕಾಗಿ ಹೆಂಡತಿ ಮಕ್ಕಳಿದ್ದ ಗಂಡಸರು ಅರ್ಜಿ ಬರೆದುಕೊಂಡು ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದರು.