ಅಣೆಕಟ್ಟೆಯ ಅವಧಿ, ನದಿಯ ಲೆಕ್ಕ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಮೌಂಟ್ ಆಡಮ್ಸ್ ಒಂದು ಜ್ವಾಲಾಮುಖಿ ಪರ್ವತ. ಅದರ ಹಿಮನದಿಗಳಿಂದ ಹುಟ್ಟುವ ವೈಟ್ ಸಾಲ್ಮನ್ ನದಿ ಸುಮಾರು 70 ಕಿಲೋಮೀಟರ್ ಹರಿದು ಕೊಲಂಬಿಯಾ ನದಿಯನ್ನು ಸೇರುತ್ತದೆ. ಹೊಸ ಅಣೆಕಟ್ಟೆಗಳಿಗೆ ಆಸ್ಪದವಿಲ್ಲದಂತೆ ನದಿಗಳನ್ನು ಕಾಯುವ 1968ರ ಕಾಯ್ದೆಯಡಿ ಇದರ ಒಂದು ಭಾಗಕ್ಕೆ 1986ರಲ್ಲಿ, ಮೇಲ್ಭಾಗಕ್ಕೆ 2005ರಲ್ಲಿ ರಕ್ಷಣೆ ದೊರೆಯಿತು.

ಆದರೆ ಈ ಸಂರಕ್ಷಿತ ಭಾಗಗಳ ಕೆಳಗೆ, 1913ರಲ್ಲಿ ಕಟ್ಟಿದ ಕಾಂಡಿಟ್ ಅಣೆಕಟ್ಟೆ ನಿಂತೇ ಇತ್ತು. ಎತ್ತರ ಸುಮಾರು 38 ಮೀಟರ್. ಮೊಟ್ಟೆಯಿಡಲು ಸಮುದ್ರದಿಂದ ಮರಳುವ ಸಾಲ್ಮನ್ ಮೀನುಗಳ ಪಯಣ ಅಲ್ಲಿಗೆ ಮುಗಿಯುತ್ತಿತ್ತು. ಮೀನಿನ ಹೆಸರು ಹೊತ್ತ ನದಿಗೆ ಆ ಮೀನು ಏರಿ ಬರುವಂತಿರಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಮಾತ್ರ ನದಿ ಸುರಕ್ಷಿತ!

ಬಿಕ್ಕಟ್ಟನ್ನು ಬಿಡಿಸಿದ್ದು ಸಂರಕ್ಷಣಾ ಕಾಯ್ದೆಯಲ್ಲ, ಜಲವಿದ್ಯುತ್ ಪರವಾನಗಿಯ ಅವಧಿ. ಅಲ್ಲಿ ಇಂಥ ಪರವಾನಗಿಗಳು ಶಾಶ್ವತವಲ್ಲ. ಅವಧಿ ತೀರಿದಾಗ ಹೊಸದಾಗಿ ಪರಿಶೀಲನೆ ನಡೆಯುತ್ತದೆ. (ನವೀಕರಣವೆಂದರೆ ಒಂದು ಸಹಿ, ಒಂದು ಮೊಹರು ಎಂದು ತಿಳಿದ ಆಡಳಿತಗಾರರು ಇದನ್ನು ಗಮನಿಸಬೇಕು.) ಮೀನು ಮೇಲೇರಲು ದಾರಿ ನಿರ್ಮಿಸಬೇಕೆಂಬ ಷರತ್ತನ್ನು ಕೇಂದ್ರ ನಿಯಂತ್ರಣ ಆಯೋಗ ಮುಂದಿಟ್ಟಿತು. ಆ ದಾರಿಗಿಂತ ಕಟ್ಟೆಯನ್ನು ಕೆಡವುವುದೇ ಅಗ್ಗವೆಂದು ಕಂಪನಿಯ ಲೆಕ್ಕ ತೋರಿಸಿತು. 1999ರಲ್ಲಿ ಒಪ್ಪಂದವಾಯಿತು. 2011ರ ಅಕ್ಟೋಬರ್ 26ರಂದು ಕಟ್ಟೆಯ ಬುಡ ಸಿಡಿಸಿದಾಗ ಎರಡು ಗಂಟೆಯೊಳಗೆ ಜಲಾಶಯ ಬರಿದಾಯಿತು. ಮರುವರ್ಷ ಮೀನುಗಳು ಮೇಲಕ್ಕೆ ಬಂದವು.

ಕಟ್ಟೆಯಿದ್ದ ಕಾಲದಲ್ಲಿ ವಿದ್ಯುತ್ ಅಗ್ಗವಾಗಿ ಕಂಡದ್ದೇಕೆ? ಅದರ ಬೆಲೆಯ ಒಂದಂಶವನ್ನು 1855ರ ಒಪ್ಪಂದದಲ್ಲಿ ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದ ಯಾಕಮಾ ಮೂಲನಿವಾಸಿಗಳು ತೆರುತ್ತಿದ್ದರು. ಅದು ಯಾವ ಜಮಾಖರ್ಚಿನಲ್ಲೂ ಕಾಣಿಸುತ್ತಿರಲಿಲ್ಲ. ಜಲಾಶಯದ ದಂಡೆಯ ಮನೆಗಳವರೂ ಸ್ಥಳೀಯ ಆಡಳಿತಗಳೂ ತೆರವನ್ನು ವಿರೋಧಿಸಿದ್ದು ಸಹಜವೇ; ಅವರ ನಷ್ಟವೂ ನಿಜವಾದದ್ದು. ಆದರೆ ನೂರು ವರ್ಷ ಇನ್ನೊಬ್ಬರು ಹೊತ್ತ ನಷ್ಟವನ್ನು ಬದಿಗಿಟ್ಟು ಇದನ್ನಷ್ಟೇ ತೂಗುವುದು ನ್ಯಾಯವಲ್ಲ.

ಇನ್ನೊಂದು ಲೆಕ್ಕ ಬಾಕಿಯಿದೆ. 1904 ಮತ್ತು 2006ರ ನಡುವೆ ಮೌಂಟ್ ಆಡಮ್ಸ್‌ನ ಹಿಮನದಿಗಳ ವಿಸ್ತೀರ್ಣ ಸುಮಾರು ಅರ್ಧಕ್ಕಿಳಿದಿದೆ. ಬೇಸಿಗೆಯ ಕೊನೆಯಲ್ಲಿ ತಣ್ಣೀರು ಬೇಡುವ ಮೀನಿಗೆ ಈ ಹಿಮವೂ ಒಂದು ಆಸರೆ. ಅದನ್ನು ಕರಗಿಸುತ್ತಿರುವ ಹೊಗೆಗೆ ಅವಧಿ ಮುಗಿಯುವ ಪರವಾನಗಿಯಿಲ್ಲ, ಷರತ್ತು ವಿಧಿಸುವ ಆಯೋಗವೂ ಇಲ್ಲ.