ಪರದೇಶದ ದಾರಿ ತಾಲೂಕು ಕಚೇರಿಯಿಂದ

ಪರದೇಶಕ್ಕೆ ಹೋಗಿಬರುವುದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಒಂದಂಗವೇ ಹೊರತು ಸರ್ಕಾರ ದಯಪಾಲಿಸುವ ಅನುಗ್ರಹವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ತೀರ್ಮಾನವಿತ್ತದ್ದು 1967ರಲ್ಲಿ. ಅಲ್ಲಿಯವರೆಗೆ ಅಧಿಕಾರಿಗಳ ವಿವೇಚನೆಗೆ ಬಿಟ್ಟಿದ್ದ ಪಾಸ್‌ಪೋರ್ಟಿನ ವ್ಯವಹಾರಕ್ಕೆ ಸಂಸತ್ತು ಅದೇ ವರ್ಷ ಕಾಯಿದೆಯೊಂದರ ಕಟ್ಟು ಹಾಕಿತು. ತೀರ್ಪು ಘನವಾದುದು. ಆದರೆ ಹಕ್ಕು ಗ್ರಂಥದಲ್ಲಿ ದೊರೆತ ಮಾತ್ರಕ್ಕೆ ಕೈಗೆ ದೊರೆತಂತಾಗದು. ಇಂದು ಹಾಸನದಿಂದಲೋ ಕುಂದಾಪುರದಿಂದಲೋ ಹೊರಟುನಿಂತ ತರುಣನನ್ನು ಬಹುಮಟ್ಟಿಗೆ ತಡೆದು ನಿಲ್ಲಿಸುವುದು ಅವನ ಅಂಕಪಟ್ಟಿಗೂ ಆಧಾರ್ ಕಾರ್ಡಿಗೂ ಹೊಂದದೆ ಉಳಿದಿರುವ ಒಂದು ಇನಿಷಿಯಲ್.

ನಮ್ಮವರ ಹೆಸರಿನ ರೀತಿಯೇ ಬೇರೆ. ಊರು, ತಂದೆ, ಕೆಲವೊಮ್ಮೆ ಮನೆತನ, ಇವುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡು ತನ್ನ ಹೆಸರನ್ನು ಕೊನೆಗೆ ಹೇಳುವ ಪದ್ಧತಿಯಲ್ಲಿ ಬೆಳೆದವನಿಗೆ ಉಪನಾಮದ ಅಗತ್ಯ ಪಾಸ್‌ಪೋರ್ಟಿನ ಅರ್ಜಿ ಎದುರಾಗುವವರೆಗೆ ಬಿದ್ದೇ ಇರುವುದಿಲ್ಲ. ಅರ್ಜಿಯಾದರೋ ಮೊದಲಕ್ಷರಗಳನ್ನು ಒಪ್ಪದು, ಬಿಡಿಸಿ ಬರೆಯಬೇಕು. ಶಾಲೆಗೆ ಸೇರಿಸುವಾಗ ಮೇಷ್ಟರು ತಮಗೆ ತೋಚಿದಂತೆ ಬರೆದುಕೊಂಡದ್ದು ಒಂದು, ಆಧಾರ್ ಕೇಂದ್ರದ ಹುಡುಗ ಅವಸರದಲ್ಲಿ ಟೈಪು ಮಾಡಿದ್ದು ಇನ್ನೊಂದು, ಪಾಸ್‌ಪೋರ್ಟಿಗಾಗಿ ಬಿಡಿಸಿದ್ದು ಮತ್ತೊಂದು: ಹೀಗೆ ಒಬ್ಬನೇ ಮಂಜುನಾಥ ಮೂವರಾಗಿ ವಿದೇಶದ ಅಧಿಕಾರಿಯ ಮುಂದೆ ನಿಲ್ಲುತ್ತಾನೆ. ಒಂದೇ ಹೆಸರುಳ್ಳವರ ಪಾಡು ಇನ್ನೂ ವಿಚಿತ್ರ. ಅಮೆರಿಕದ ವೀಸಾದಲ್ಲಿ ಅವರಿಗಿರುವ ಹೆಸರು ಉಪನಾಮದ ಸ್ಥಾನಕ್ಕೆ ಸರಿದು, ಮೊದಲ ಹೆಸರು ಅಜ್ಞಾತವೆಂದು ಸಾರುವ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳು ಮುಂದೆ ಬಂದು ಕೂರುತ್ತವೆ; ತಂದೆತಾಯಿಗಳು ತೊಟ್ಟಿಲಲ್ಲಿಟ್ಟು ಕರೆದ ಹೆಸರಿಗೆ ಇಂತಹ ಪುನರ್ನಾಮಕರಣ! 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ಸಂದರ್ಶಕರನ್ನು ಒಳಬಿಡುವುದಿಲ್ಲವೆಂದು ಪ್ರಕಟಿಸಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂಬ ಸ್ಪಷ್ಟೀಕರಣ ತರುವಾಯ ಬಂದಿತು.

ಹೆಸರಿನ ಕಥೆ ಹೀಗಾದರೆ ಜನ್ಮದ ಕಥೆ ಬೇರೊಂದು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ ಇಂದಿನ ಏರ್ಪಾಡು 1969ರ ಕಾಯಿದೆಯದು; ಅದಕ್ಕೆ ಮುಂಚೆ ಹಳ್ಳಿಯ ಮನೆಯ ಒಳಕೋಣೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಅಸಂಖ್ಯಾತರಿಗೆ ತಾವು ಹುಟ್ಟಿದ್ದಕ್ಕೆ ತಾವೇ ಸಾಕ್ಷಿ. ಮಗ ಅಮೆರಿಕದ ಪೌರನಾಗಿ ವೃದ್ಧಮಾತೆಯನ್ನು ಬಳಿಗೆ ಕರೆಸಿಕೊಳ್ಳಲು ಮುಂದಾದಾಗ, ಆಕೆಯ ಜನನ ದಾಖಲೆ ದೊರೆಯದೆಂಬುದಕ್ಕೆ ಇಲ್ಲಿಯ ಕಚೇರಿಯಿಂದ ಅಲಭ್ಯತಾ ಪ್ರಮಾಣಪತ್ರವನ್ನು ಪಡೆದು, ಜೊತೆಗೆ ಆಕೆಯ ಜನನವನ್ನು ಬಲ್ಲ ಹಿರಿಯ ಬಂಧುಗಳಿಂದ ಅಫಿಡವಿಟ್ ಮಾಡಿಸಬೇಕಾಗುತ್ತದೆ. ಎಂಬತ್ತರ ಮುದುಕಿಯ ಹುಟ್ಟನ್ನು ಕಂಡ ಹಿರಿಯರನ್ನು ಎಲ್ಲಿಂದ ತರೋಣ? ಇನ್ನು ಮುಂದಿನವರಿಗಾದರೂ ಈ ಸಂಕಟ ತಪ್ಪಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ಆದಕಾರಣ ಈಗಿನ ತಂದೆತಾಯಿಗಳು ಆ ಪತ್ರದಲ್ಲಿ ಮಗುವಿನ ಹೆಸರಿನ ಅಂಕಣವನ್ನು ಖಾಲಿ ಬಿಟ್ಟು ಆಸ್ಪತ್ರೆಯಿಂದ ಮನೆಗೆ ಬಂದು ಮರೆತುಬಿಡುವುದು ಬಹಳ ದುಬಾರಿಯ ಮರೆವು.

ಪದವಿಪತ್ರಗಳ ವಿಷಯದಲ್ಲಿ ತೊಡಕಿಗಿಂತ ಅಜ್ಞಾನವೇ ಹೆಚ್ಚು. ದಾಖಲೆಗಳ ದೃಢೀಕರಣವನ್ನು ಸರಳಗೊಳಿಸಿದ 1961ರ ಹೇಗ್ ಒಪ್ಪಂದವು ಭಾರತಕ್ಕೆ 2005ರಿಂದ ಅನ್ವಯವಾಗುವುದರಿಂದ, ಆ ಒಪ್ಪಂದ ನಮ್ಮೊಡನೆ ಜಾರಿಯಲ್ಲಿರುವ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯೊಂದು ಸಾಕು. ಕುವೈತ್, ಕತಾರ್ ಮೊದಲಾದ ಒಪ್ಪಂದದ ಹೊರಗಿನ ದೇಶಗಳಿಗಾದರೆ ರಾಜ್ಯದ ಇಲಾಖೆ, ಸಚಿವಾಲಯ, ಆಯಾ ರಾಯಭಾರ ಕಚೇರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ದೃಢೀಕರಣವಾಗಬೇಕು. ಅಪೊಸ್ಟಿಲ್‌ಗೆ ಸಚಿವಾಲಯವು ವಿಧಿಸುವ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ ಮಾತ್ರ. ಪತ್ರಗಳನ್ನು ಸ್ವೀಕರಿಸುವ ಸಂಸ್ಥೆಯ ಸೇವಾಶುಲ್ಕ ಬೇರೆ. ಇದನ್ನರಿಯದ ನರ್ಸಿಂಗ್ ಪದವೀಧರೆಯೊಬ್ಬಳು ಮಧ್ಯವರ್ತಿಗೆ ಸಾವಿರಗಳ ಲೆಕ್ಕದಲ್ಲಿ ಹಣ ತೆತ್ತರೆ, ಅದರಲ್ಲಿ ಬಹುಪಾಲು ಅವಳ ಅಜ್ಞಾನದ ಮೇಲೆ ಬಿದ್ದ ತೆರಿಗೆ.

ಆದರೂ ಪದವೀಧರರು ಹೇಗೋ ದಾರಿ ಕಂಡುಕೊಳ್ಳುತ್ತಾರೆ. ನನ್ನ ಚಿಂತೆ ಹತ್ತನೆಯ ತರಗತಿ ಮುಗಿಸದೆ ಗಾರೆಯ ಕೆಲಸಕ್ಕೋ ಮನೆಗೆಲಸಕ್ಕೋ ಕೊಲ್ಲಿ ದೇಶಗಳಿಗೆ ಹೊರಡುವವರನ್ನು ಕುರಿತದ್ದು. 1983ರ ವಲಸೆ ಕಾಯಿದೆಯು ಇಂಥವರು ನಿಗದಿತ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕೆಂದು ವಿಧಿಸಿದುದು ಅವರನ್ನು ಕಟ್ಟಿಹಾಕಲಲ್ಲ, ಕರಾರನ್ನೂ ಸಂಬಳವನ್ನೂ ಯಾರಾದರೊಬ್ಬರು ಓದಿ ನೋಡಲೆಂದು. ನೋಂದಾಯಿತ ನೇಮಕಾತಿ ಏಜೆಂಟನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿಯ ಕಂತಿಗೆ ಅಪಘಾತದ ಮರಣಕ್ಕೆ 10 ಲಕ್ಷದ ವಿಮೆಯುಂಟು. ಇದೆಲ್ಲವನ್ನೂ ಬದಿಗಿಟ್ಟು, ‘ಸುಮ್ಮನೆ ವಿಸಿಟ್ ವೀಸಾದಲ್ಲಿ ಹೋಗಮ್ಮ, ಅಲ್ಲಿ ಎಲ್ಲ ಸರಿ ಮಾಡಿಕೊಡುತ್ತೇವೆ’ ಎಂದು ಪಿಸುಗುಟ್ಟುವ ದಲ್ಲಾಳಿಯ ಮಾತಿಗೆ ಮರುಳಾದವಳು, ವಿಮಾನ ಹತ್ತಿದ ಗಳಿಗೆಯಿಂದಲೇ ಕಾನೂನಿನ ರಕ್ಷಣೆಯಿಂದ ಹೊರಗಾಗುತ್ತಾಳೆ. ಕಾಗದಪತ್ರವನ್ನು ಬರಿಯ ಕಿರಿಕಿರಿಯೆಂದು ಹಳಿಯುವ ವಿದ್ಯಾವಂತರು ಇವಳನ್ನೊಮ್ಮೆ ನೆನೆಯಬೇಕು.

ಇಲ್ಲಿ ಬಿಟ್ಟುಹೋಗುವ ವ್ಯವಹಾರಗಳ ಕುರಿತು ಎರಡೇ ಮಾತು. ಉದ್ಯೋಗಾರ್ಥವಾಗಿ ವಿದೇಶದಲ್ಲಿ ನೆಲಸಲು ಹೊರಟವರು ಇಲ್ಲಿಯ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯನ್ನಾಗಿ ಬದಲಿಸಿಕೊಳ್ಳಬೇಕು. ಬ್ಯಾಂಕು, ಆಧಾರ್, ಡಿಜಿಲಾಕರ್ ಎಲ್ಲವೂ ಒಂದೇ ಮೊಬೈಲ್ ಸಂಖ್ಯೆಗೆ ಜೋತುಬಿದ್ದಿರುವುದರಿಂದ, ರೀಚಾರ್ಜ್ ಮಾಡದೆ ಆ ಸಂಖ್ಯೆಯನ್ನು ಕಳೆದುಕೊಂಡವರು ಒಟಿಪಿಗಾಗಿ ಪರಿತಪಿಸುವುದು ತಪ್ಪದು.

ಕೇರಳವು 1996ರಲ್ಲೇ ತನ್ನ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಅದರ ಅಂಗಸಂಸ್ಥೆಯು ಪ್ರಮಾಣಪತ್ರಗಳ ದೃಢೀಕರಣವನ್ನೂ ಮಾಡಿಸಿಕೊಡುತ್ತದೆ. ನಮ್ಮಲ್ಲಿಯೂ ಅನಿವಾಸಿ ಭಾರತೀಯ ಸಮಿತಿಯಿದೆ. ಆದರೆ ಮೇಲೆ ಹೇಳಿದ ತೊಡಕುಗಳು ಹುಟ್ಟುವುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಪಂಚಾಯಿತಿಯ ಜನನ ರಿಜಿಸ್ಟರಿನಲ್ಲಿ, ನಾಡಕಚೇರಿಯ ಗಣಕಯಂತ್ರದಲ್ಲಿ. ಪರಿಹಾರವೂ ಅಲ್ಲಿಯೇ ದೊರೆಯಬೇಕು. ಸೇವೆಗೆ ಗಡುವು ವಿಧಿಸಿ, ತಡಮಾಡಿದ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಿಸುವ ‘ಸಕಾಲ’ದ ಕಾಯಿದೆಯನ್ನು 2011ರಲ್ಲಿ ರಚಿಸಿಕೊಂಡ ರಾಜ್ಯ ನಮ್ಮದು, ಆರಂಭದಲ್ಲಿ 151 ಸೇವೆಗಳಿದ್ದ ಆ ಪಟ್ಟಿ ವರ್ಷೇವರ್ಷೇ ಬೆಳೆದಿದೆ. ಒಂದೇ ಅರ್ಜಿಯಲ್ಲಿ ಜನನಪತ್ರ, ಅಂಕಪಟ್ಟಿ, ಆಧಾರ್ ಇವುಗಳ ಹೆಸರನ್ನು ಪರಿಶೀಲಿಸಿ, ರಾಜ್ಯದ ದಾಖಲೆಗಳನ್ನು ತಾನೇ ತಿದ್ದಿಸಿಕೊಟ್ಟು, ಉಳಿದವಕ್ಕೆ ಎಲ್ಲಿ, ಹೇಗೆ, ಎಷ್ಟು ಶುಲ್ಕಕ್ಕೆ ಎಂದು ಬರಹದಲ್ಲಿ ತಿಳಿಸುವ ಸೇವೆಯೊಂದನ್ನು ಪ್ರತಿ ತಾಲೂಕಿನಲ್ಲಿಯೂ ತೆರೆದು, ಅದನ್ನು ಸಕಾಲದ ಪಟ್ಟಿಗೆ ಸೇರಿಸಬೇಕೆಂದು ಸರ್ಕಾರವನ್ನು ಕೋರುತ್ತೇನೆ. ಮೊದಲ ಕಿಟಕಿಯನ್ನು ಉಡುಪಿಯಲ್ಲೋ ಭಟ್ಕಳದಲ್ಲೋ ತೆರೆಯಲಿ.