ಬೀಳುವ ಹಲ್ಲಿಗೇಕೆ ಆರೈಕೆ?

ನಮ್ಮ ಶಾಲೆಯ ಕೆಳಗಿನ ತರಗತಿಗಳಲ್ಲಿ ಒಬ್ಬ ಬಾಲಿಕೆಯು ಅಂಗೈಯಲ್ಲಿ ಕೆನ್ನೆಯನ್ನಿಟ್ಟುಕೊಂಡು, ಪಾಠದ ಮೇಲೆ ಮನಸ್ಸಿಲ್ಲದೆ ಕುಳಿತಿರುವುದನ್ನು ನಾವು ವರ್ಷದಲ್ಲಿ ಎಷ್ಟೋ ಸಲ ಕಾಣುತ್ತೇವೆ. ವಿಚಾರಿಸಿದರೆ, “ಹಲ್ಲುನೋವು, ಟೀಚರ್, ರಾತ್ರಿಯೆಲ್ಲಾ ನಿದ್ದೆಯಿಲ್ಲ” ಎನ್ನುತ್ತಾಳೆ. ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದರೆ, “ಹೇಳಿದೆ, ಲವಂಗ ಇಟ್ಟುಕೋ, ಹೇಗೂ ಬೀಳುವ ಹಲ್ಲು ಎಂದರು” ಎಂಬ ಉತ್ತರ ಬರುತ್ತದೆ. ಈ ‘ಹೇಗೂ ಬೀಳುವ ಹಲ್ಲು’ ಎಂಬ ಮಾತನ್ನು ಕುರಿತೇ ತಂದೆತಾಯಿಗಳ ಮುಂದೆ ನಾವು ಕೆಲವು ಸಂಗತಿಗಳನ್ನು ಬಿನ್ನವಿಸಿಕೊಳ್ಳಬೇಕೆಂದಿದ್ದೇವೆ. ಯಾಕಂದರೆ ಈ ಒಂದು ಮಾತಿನಿಂದ ನಮ್ಮ ಮಕ್ಕಳು ಕಳೆದುಕೊಳ್ಳುತ್ತಿರುವುದು ಬೀಳುವ ಹಲ್ಲುಗಳನ್ನು ಮಾತ್ರವಲ್ಲ.

ಶಿಶುವಿಗೆ ಸುಮಾರು 6ನೆಯ ತಿಂಗಳಲ್ಲಿ ಮೊದಲ ಹಲ್ಲು ಮೂಡಿ, ಮೂರು ವರ್ಷ ತುಂಬುವಷ್ಟರಲ್ಲಿ ಒಟ್ಟು 20 ಹಾಲುಹಲ್ಲುಗಳು ಬರುತ್ತವೆ. ಇವು ಸುಮಾರು 6ನೆಯ ವಯಸ್ಸಿನಿಂದ 12ನೆಯ ವಯಸ್ಸಿನವರೆಗೆ ಒಂದೊಂದಾಗಿ ಬೀಳತಕ್ಕವು ಎಂಬುದು ನಿಜ. ಆದರೆ ಅಲ್ಲಿಯ ತನಕ ಮಗುವು ಅನ್ನವನ್ನು ಅಗಿಯುವುದೂ ಮಾತನ್ನು ಸ್ಪಷ್ಟವಾಗಿ ಆಡುವುದೂ ಇವುಗಳಿಂದಲೇ ಅಲ್ಲವೆ? ಅದಲ್ಲದೆ, ಪ್ರತಿಯೊಂದು ಹಾಲುಹಲ್ಲೂ ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ದಂತಕ್ಕೆ ಸ್ಥಳವನ್ನು ಕಾದಿಟ್ಟಿರುತ್ತದೆ. ಹುಳುಕಿನಿಂದ ಅದು ಅಕಾಲದಲ್ಲಿ ಹೋದರೆ, ಅಕ್ಕಪಕ್ಕದ ಹಲ್ಲುಗಳು ಆ ತೆರಪಿಗೆ ವಾಲಿಕೊಂಡು, ಹಿಂದೆ ಬರುವ ಹಲ್ಲು ಎಡೆಯಿಲ್ಲದೆ ವಕ್ರವಾಗಿ ಮೂಡುತ್ತದೆ. ಬೇರಿನಲ್ಲಿ ಕೀವು ಕಟ್ಟಿದರೆ ಕೆಳಗಿನ ಎಳೆಯ ಹಲ್ಲಿಗೂ ಕೇಡು ತಟ್ಟಬಹುದು.

ಇದಕ್ಕಿಂತಲೂ ದುಃಖಕರವಾದ ಇನ್ನೊಂದು ತಪ್ಪು ತಿಳಿವಳಿಕೆಯುಂಟು. ಮಗುವಿಗೆ ಸುಮಾರು 6 ವರ್ಷವಾಗುವಾಗ, ಹಾಲುಹಲ್ಲುಗಳ ಸಾಲಿನ ಹಿಂದುಗಡೆ ಎರಡು ದವಡೆಗಳಲ್ಲಿಯೂ ಸೇರಿ ನಾಲ್ಕು ದೊಡ್ಡ ದವಡೆಹಲ್ಲುಗಳು ಮೂಡುತ್ತವೆ. ಅವುಗಳಿಗಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲವಾದ್ದರಿಂದ, ಅವು ಬಂದುದು ತಾಯಿಗೂ ತಿಳಿಯದು. ತಿಳಿದರೂ ಅವನ್ನು ಹಾಲುಹಲ್ಲುಗಳೆಂದೇ ಎಣಿಸುತ್ತಾರೆ. ವಾಸ್ತವದಲ್ಲಿ ಅವು ಜೀವಮಾನವೆಲ್ಲಾ ಇರಬೇಕಾದ ಹಲ್ಲುಗಳು. ಒಮ್ಮೆ ಹೋದರೆ ಮತ್ತೆ ಹುಟ್ಟವು. ‘ಹೇಗೂ ಬೀಳುವ ಹಲ್ಲು’ ಎಂದು ಲವಂಗವಿಟ್ಟು ಮರೆತ ಹಲ್ಲು ಎಷ್ಟೋ ಸಾರಿ ಇದೇ ಆಗಿರುತ್ತದೆ. ಇವುಗಳ ಮೇಲ್ಭಾಗದಲ್ಲಿ ಆಳವಾದ ಸೀಳುಗಳಿರುವುದರಿಂದ ಹುಳುಕು ಬೇಗನೆ ಹಿಡಿಯುತ್ತದೆ. ಹಲ್ಲು ಮೂಡಿದೊಡನೆ ಆ ಸೀಳುಗಳನ್ನು ತೆಳುವಾದ ಲೇಪದಿಂದ ಮುಚ್ಚುವ ನೋವಿಲ್ಲದ ಉಪಾಯವು ದಂತವೈದ್ಯರಲ್ಲಿದೆ.

ಹುಳುಕು ಎಂಬ ನಮ್ಮ ಶಬ್ದದಲ್ಲಿಯೇ ಒಂದು ಹಳೆಯ ನಂಬಿಕೆ ಅಡಗಿದೆ. ಹಲ್ಲನ್ನು ಹುಳುವು ತಿನ್ನುತ್ತದೆಂದು ಅನೇಕ ದೇಶಗಳ ಜನರು ನಂಬಿದ್ದರು. ಫ್ರಾನ್ಸಿನ ಪಿಯರ್ ಫೋಷಾರ್ ಎಂಬ ದಂತವೈದ್ಯನು 1728ರಲ್ಲಿ ತನ್ನ ಗ್ರಂಥದಲ್ಲಿ ಇದನ್ನು ಅಲ್ಲಗಳೆದನು. 1890ರಲ್ಲಿ ಮಿಲ್ಲರ್ ಎಂಬ ವಿದ್ವಾಂಸನು, ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಹಿಟ್ಟುಗಳನ್ನು ತಿಂದು ಆಮ್ಲವನ್ನು ಹುಟ್ಟಿಸುತ್ತವೆ, ಆ ಆಮ್ಲವೇ ಹಲ್ಲಿನ ಗಟ್ಟಿಯಾದ ಹೊದಿಕೆಯನ್ನು ಕರಗಿಸುತ್ತದೆ ಎಂದು ವಿವರಿಸಿದನು. ಬಾಯ ಜೊಲ್ಲು ಈ ಆಮ್ಲವನ್ನು ಶಮನಮಾಡಲು ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯ ಕಾಲ ಹಿಡಿಯುತ್ತದೆ. ಆದುದರಿಂದ ಎಷ್ಟು ಸಿಹಿ ತಿಂದೆವೆಂಬುದರಷ್ಟೇ ಎಷ್ಟು ಸಲ ತಿಂದೆವೆಂಬುದೂ ಮುಖ್ಯ. ಹಬ್ಬದೂಟದಲ್ಲಿ ಒಮ್ಮೆ ತಿಂದ ಹೋಳಿಗೆಗಿಂತ, ದಿನವೆಲ್ಲಾ ಚೀಪುವ ಪೆಪ್ಪರಮಿಂಟೂ ಮೂರು ಹೊತ್ತಿನ ಬಿಸ್ಕತ್ತೂ ಹಲ್ಲಿಗೆ ಹೆಚ್ಚಿನ ಶತ್ರುಗಳು. ಬೆಲ್ಲವಾದರೆ ದೋಷವಿಲ್ಲವೆಂದು ಯಾರೂ ತಿಳಿಯಬಾರದು. ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೂ ಒಂದೇ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಶಿಶುವನ್ನು ಮಲಗಿಸುವ ಅಭ್ಯಾಸದಿಂದ ಮೇಲಿನ ಬಾಚಿಹಲ್ಲುಗಳು ಎರಡು ವರ್ಷದೊಳಗೇ ಕರಗಿಹೋಗುವುದುಂಟು.

“ನಮ್ಮ ಅಜ್ಜಿ ಬೇವಿನ ಕಡ್ಡಿಯಲ್ಲಿ ಉಜ್ಜಿದರು, ಎಂಬತ್ತರಲ್ಲಿಯೂ ಕಡಲೆ ಜಗಿಯುತ್ತಿದ್ದರು” ಎಂದು ಕೆಲವರು ನಮಗೆ ಉತ್ತರ ಕೊಡುತ್ತಾರೆ. ಆ ಅಜ್ಜಿಯ ವಿಷಯದಲ್ಲಿ ನಮಗೆ ಗೌರವವೇ ಇದೆ. ಆದರೆ ಅವರ ಬಾಲ್ಯದಲ್ಲಿ ಸಿಹಿಯು ಹಬ್ಬಕ್ಕೆ ಬರುತ್ತಿದ್ದ ಅತಿಥಿ; ಇಂದು ಅದು ಮನೆಯಲ್ಲಿಯೇ ಬೀಡುಬಿಟ್ಟಿದೆ. ಅಜ್ಜಿಯ ಆಹಾರವನ್ನು ಬಿಟ್ಟು ಅಜ್ಜಿಯ ಕಡ್ಡಿಯನ್ನು ಮಾತ್ರ ಹಿಡಿದರೆ ಸಾಲದು.

ಮಾಡತಕ್ಕದ್ದು ಬಹಳವಿಲ್ಲ. ದಿನಕ್ಕೆ ಎರಡು ಸಾರಿ, ಅದರಲ್ಲಿಯೂ ರಾತ್ರಿ ಮಲಗುವ ಮುಂಚೆ ತಪ್ಪದೆ, ಹಲ್ಲುಜ್ಜಬೇಕು. ಯಾಕಂದರೆ ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲುಗಳಿಗೆ ಕಾವಲು ಇಲ್ಲದಂತಾಗುತ್ತದೆ. ಫ್ಲೋರೈಡುಳ್ಳ ಪೇಸ್ಟು ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು ಸಾಕು; ನುಂಗದೆ ಉಗುಳಲು ಕಲಿಸಬೇಕು. ಸುಮಾರು ಏಳೆಂಟು ವರ್ಷದವರೆಗೆ ದೊಡ್ಡವರೇ ನಿಂತು ಉಜ್ಜಿಸಬೇಕು. ಇದ್ದಲು, ಇಟ್ಟಿಗೆಪುಡಿ ಮುಂತಾದ ಒರಟು ಪದಾರ್ಥಗಳು ಹಲ್ಲನ್ನೇ ಸವೆಸುತ್ತವೆ. ತಂಬಾಕು ಬೆರೆಸಿದ ಹಲ್ಲುಪುಡಿಯನ್ನು ಸರಕಾರವು 1992ರಲ್ಲಿಯೇ ನಿಷೇಧಿಸಿದೆ. ಹೀಗಿರಲು, ನಶ್ಯವನ್ನು ಹಲ್ಲಿಗೆ ತಿಕ್ಕುವ ಅಭ್ಯಾಸವು ತಾಯಿಯಿಂದ ಮಗಳಿಗೆ ಇಳಿದುಬರಬಾರದು.

ಇಲ್ಲಿ ಇನ್ನೊಂದು ಮಾತು. ನಗು ಬಂದಾಗಲೆಲ್ಲಾ ಕೈಯಿಂದ ಬಾಯನ್ನು ಮುಚ್ಚಿಕೊಳ್ಳುವ ಬಾಲಿಕೆಯರನ್ನು ನೋಡಿದ್ದೇವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಮೊದಲಾದ ಕಡೆಗಳಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದರಿಂದ ಹಲ್ಲುಗಳ ಮೇಲೆ ಕಂದು ಕಲೆಗಳು ಬೀಳುತ್ತವೆ. ಇದು ಹಲ್ಲುಜ್ಜದ ಸೋಮಾರಿತನದ ಗುರುತಲ್ಲ. ಹಾಗೆಂದು ಮಗುವನ್ನು ಜರೆಯುವುದು ಅನ್ಯಾಯ. ಕಲೆಯು ಬೀಳುವುದು ಸುಮಾರು ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ಒಂದು ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಿದ ನೀರನ್ನು ಬಿಟ್ಟು, ಶುದ್ಧೀಕರಿಸಿದ ನೀರನ್ನಾಗಲಿ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನಾಗಲಿ ಚಿಕ್ಕ ಮಕ್ಕಳಿಗೆ ಕೊಡಬೇಕು. ಅಂಥ ಊರುಗಳಲ್ಲಿ ಪೇಸ್ಟಿನ ವಿಷಯವಾಗಿ ದಂತವೈದ್ಯರನ್ನು ಕೇಳಿ ನಡೆಯುವುದು ಯುಕ್ತ.

ಈಗ ನಮ್ಮ ಮುಖ್ಯ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಹಲ್ಲುಗಳ ನೆನಪಾಗುವುದು ಅವಳನ್ನು ನೋಡಲು ಗಂಡಿನ ಕಡೆಯವರು ಬರುವ ಕಾಲಕ್ಕೆ. ಹತ್ತನೆಯ ವಯಸ್ಸಿನಲ್ಲಿ ಅವಳು ನೋವಿನಿಂದ ಅತ್ತಾಗ ‘ಸುಮ್ಮನಿರು’ ಎಂದವರೇ ಆಗ ಸಾವಿರಗಟ್ಟಲೆ ವೆಚ್ಚಮಾಡಲು ಸಿದ್ಧರಾಗುತ್ತಾರೆ. ಹಲ್ಲು ಇರುವುದು ಇತರರ ನೋಟಕ್ಕಲ್ಲ, ಅವಳ ಊಟಕ್ಕೆ, ನಿದ್ರೆಗೆ, ಓದಿಗೆ. ಖರ್ಚಿನ ದೃಷ್ಟಿಯಿಂದಲೂ ಸಣ್ಣ ತೂತನ್ನು ತುಂಬಿಸುವುದು ಸುಲಭ; ಬೇರಿನವರೆಗೆ ಹೋದಮೇಲೆ ಚಿಕಿತ್ಸೆಯು ಬಹಳ ಪಾಲು ದುಬಾರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳ ಹಲ್ಲುಗಳನ್ನೂ ಪರೀಕ್ಷಿಸುವ ಏರ್ಪಾಡಿದೆ. ಆದರೆ ವೈದ್ಯರು ಬರೆದುಕೊಟ್ಟ ಚೀಟಿಯು ಪುಸ್ತಕದ ನಡುವೆ ಮಡಿಸಿಕೊಂಡೇ ಉಳಿದರೆ ಪರೀಕ್ಷೆಯಿಂದ ಫಲವೇನು?

ತಂದೆತಾಯಿಗಳನ್ನು ಮಾತ್ರ ದೂರಿ ನಾವು ನಿರ್ದೋಷಿಗಳೆನ್ನುವಂತಿಲ್ಲ. ಚೆನ್ನಾಗಿ ಓದಿದವರಿಗೆ ಪೆಪ್ಪರಮಿಂಟನ್ನು ಬಹುಮಾನವಾಗಿ ಕೊಟ್ಟವರೂ, ಹುಟ್ಟುಹಬ್ಬದ ಚಾಕಲೇಟನ್ನು ತರಗತಿಗೆಲ್ಲಾ ಹಂಚಿಸಿದವರೂ ಅಧ್ಯಾಪಿಕೆಯರಾದ ನಾವೇ. ಇನ್ನು ಮುಂದೆ ಕಡಲೆಕಾಯಿ, ಸೀಬೆಹಣ್ಣು, ಪೆನ್ಸಿಲು ಇವುಗಳೇ ಆಗಲಿ. ಮಧ್ಯಾಹ್ನದ ಊಟವಾದಮೇಲೆ ಎಲ್ಲರೂ ನೀರಿನಿಂದ ಬಾಯಿ ಮುಕ್ಕಳಿಸಲಿ. ಆಟದ ಬಯಲಿನಲ್ಲಿ ಬಿದ್ದು ಶಾಶ್ವತವಾದ ಹಲ್ಲು ಬೇರುಸಹಿತ ಕಿತ್ತುಬಂದರೆ, ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ದಂತವೈದ್ಯರ ಬಳಿಗೆ ಒಯ್ದರೆ ಅದು ಮತ್ತೆ ನಿಲ್ಲುವ ಸಂಭವವುಂಟು. ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತಿಳಿದಿರತಕ್ಕದ್ದು.

ಬಿದ್ದ ಹಾಲುಹಲ್ಲನ್ನು ಹೆಂಚಿನ ಮೇಲಕ್ಕೆಸೆದು ಹೊಸ ಹಲ್ಲಿಗಾಗಿ ಕಾಯುವ ಸಂತೋಷವನ್ನು ನಾವೆಲ್ಲರೂ ಬಲ್ಲೆವು. ಆ ಹೊಸ ಹಲ್ಲು ಬರುವುದು ಒಂದೇ ಸಾರಿ. ಪ್ರಿಯ ಬಾಲಿಕೆಯರೇ, ಈ ಸಂಚಿಕೆಯನ್ನು ಮನೆಗೆ ಒಯ್ದ ದಿನ ರಾತ್ರಿ ನಿಮ್ಮ ತಂಗಿತಮ್ಮಂದಿರನ್ನು ದೀಪದ ಬೆಳಕಿಗೆ ಕರೆದು, ಬಾಯಿ ತೆರೆಸಿ, ಸಾಲಿನ ಕೊನೆಯ ಹಲ್ಲನ್ನು ನೋಡಿರಿ. ಅಲ್ಲಿ ಕಪ್ಪು ಚುಕ್ಕೆ ಕಂಡರೆ ಅಮ್ಮನನ್ನೂ ಅಪ್ಪನನ್ನೂ ಕರೆದು ತೋರಿಸಿರಿ. “ಇದು ಬೀಳುವ ಹಲ್ಲಲ್ಲ” ಎಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿರಿ.